ಸುಸ್ತಿದಾರರ ಬೋರ್ಡಿನಲ್ಲಿ ಹದಿನೇಳು ಹೆಸರು: ಪಟ್ಟಣ ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಗಳಿಗೆ ಬಹಿರಂಗ ಪತ್ರ

ರಾಜ್ಯದ ಪಟ್ಟಣ ಸಹಕಾರಿ ಬ್ಯಾಂಕುಗಳ ಮಾನ್ಯ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ ಮತ್ತು ನಿರ್ದೇಶಕರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಒಂದು ತಾಲ್ಲೂಕು ಕೇಂದ್ರದ ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ಇಡಿಪಿ, ಅಂದರೆ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನು. ವಿಭಾಗ ಅಂದರೆ ನಾನು, ಇನ್ನೊಬ್ಬ ಹುಡುಗ, ಒಂದು ಎಸಿ ರೂಮು. ಹದಿನೆಂಟು ವರ್ಷದಿಂದ ಇದೇ ಕೆಲಸ. ಬ್ಯಾಂಕಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದವರೆಲ್ಲ "ಅದು ಅವರ ಮನೆ ವಿಷಯ" ಎಂದು ಪತ್ರ ಮಡಚಿಟ್ಟುಬಿಡುತ್ತೀರಿ. ಬೇರೆ ಬ್ಯಾಂಕುಗಳಲ್ಲಿ ನನ್ನಂಥದೇ ಕೆಲಸ ಮಾಡುವ ಗೆಳೆಯರಿದ್ದಾರೆ. ಫೋನಿನಲ್ಲಿ ಮಾತಾಡಿಕೊಂಡಾಗ ಎಲ್ಲರದೂ ಹೆಚ್ಚುಕಡಿಮೆ ಇದೇ ಕಥೆ.

ವಿಷಯ ಇಷ್ಟು. ಸೈಬರ್ ದಾಳಿ ಬಂದರೆ ಬ್ಯಾಂಕು ತಡೆದುಕೊಳ್ಳುತ್ತದೆಯೇ ಎಂದು ನೋಡಲು ನೀವು ಹಣ ಕೊಟ್ಟು ಅಣಕು ದಾಳಿ ಮಾಡಿಸುತ್ತಿದ್ದೀರಿ. ಮಾಡಿಸಬೇಕಾದದ್ದೇ. ಆದರೆ ಮಾಡಿಸುತ್ತಿರುವ ರೀತಿಯಿಂದ ಬ್ಯಾಂಕು ಮೊದಲಿಗಿಂತ ಜಾಸ್ತಿ ಅಪಾಯಕ್ಕೆ ಸಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೋದ ವರ್ಷ ದೀಪಾವಳಿಗೆ ಹದಿನೈದು ದಿನ ಮುಂಚೆ ನಮ್ಮ ಸಿಬ್ಬಂದಿಗೆಲ್ಲ ಒಂದು ಮೇಲ್ ಬಂತು. ವೇತನ ಪರಿಷ್ಕರಣೆಯ ಅರಿಯರ್ಸ್ ಮಂಜೂರಾಗಿದೆ, ನಿಮ್ಮ ಮೊತ್ತ ನೋಡಲು ಇಲ್ಲಿ ಒತ್ತಿ ಅಂತ. ಆ ಅರಿಯರ್ಸ್ ವಿಷಯ ಎರಡು ವರ್ಷದಿಂದ ಮಂಡಳಿ ಸಭೆಯಲ್ಲಿ "ಮುಂದಿನ ಸಭೆಗೆ" ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಹದಿನೇಳು ಜನ ಒತ್ತಿದರು. ಒತ್ತಿದವರಿಗೆ ಒಂದು ಕೆಂಪು ಪರದೆ ಬಂತು: "ನೀವು ಪರೀಕ್ಷೆಯಲ್ಲಿ ವಿಫಲರಾಗಿದ್ದೀರಿ." ಮೇಲ್ ಕಳಿಸಿದ್ದು ಮಂಡಳಿಯೇ ನೇಮಿಸಿದ್ದ ಕಂಪನಿ.

ಮರುದಿನ ಹದಿನೇಳೂ ಹೆಸರು ನೋಟಿಸ್ ಬೋರ್ಡಿನಲ್ಲಿತ್ತು. ನಮ್ಮಲ್ಲಿ ಆ ಬೋರ್ಡಿಗೆ ಹಾಕುವುದು ಎರಡೇ ಬಗೆಯ ಕಾಗದ. ಒಂದು ಮಹಾಸಭೆಯ ತಿಳುವಳಿಕೆ ಪತ್ರ, ಇನ್ನೊಂದು ಸುಸ್ತಿದಾರರ ಪಟ್ಟಿ. ನಮ್ಮ ಹಿರಿಯ ಕ್ಯಾಷಿಯರ್ ಮೇಡಂ ಹೆಸರೂ ಪಟ್ಟಿಯಲ್ಲಿತ್ತು. ಮೂವತ್ತಮೂರು ವರ್ಷದ ಸರ್ವಿಸಿನಲ್ಲಿ ಒಂದು ದಿನವೂ ಅವರ ಕ್ಯಾಷ್ ವ್ಯತ್ಯಾಸ ಬಂದದ್ದಿಲ್ಲ. "ಸಾಲ ತಗೊಂಡು ಕಟ್ಟದೇ ಇರೋರ ಜಾಗದಲ್ಲಿ ನನ್ನ ಹೆಸರು ಅಂಟಿಸಿದ್ರಲ್ಲ ಸಾರ್" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪಟ್ಟಿ ಪ್ರಿಂಟ್ ತೆಗೆದುಕೊಟ್ಟವನೇ ನಾನು.

ಇದರ ಫಲ ಸಿಕ್ಕಿದ್ದು ಜನವರಿಯಲ್ಲಿ. ನಮ್ಮ ಒಂದು ಶಾಖೆಯಲ್ಲಿ ಕಂಪ್ಯೂಟರ್ ನಿಧಾನ ಆಗಿದೆ ಎಂದು ಫೋನ್ ಬಂತು. ಹುಡುಗ ಹೋಗಿ ನೋಡಿದರೆ, ಪಾಸ್‌ವರ್ಡ್ ಕದಿಯುವ ಒಂದು ಪ್ರೋಗ್ರಾಂ ಒಳಗೆ ಕೂತಿತ್ತು. ಜಿಎಸ್‌ಟಿ ನೋಟಿಸ್ ಎಂದು ಬಂದಿದ್ದ ಫೈಲನ್ನು ಅಲ್ಲಿನ ಕ್ಲರ್ಕ್ ತೆರೆದು ಆಗಲೇ ನಾಲ್ಕು ದಿನವಾಗಿತ್ತು. ತೆರೆದ ಕೂಡಲೇ ಕಪ್ಪು ಪರದೆ ಮಿಂಚಿ ಮಾಯವಾಗಿದ್ದನ್ನು ಅವರು ನೋಡಿದ್ದರು. ಏನೋ ಎಡವಟ್ಟಾಗಿದೆ ಎಂದು ಆಗಲೇ ಗೊತ್ತಾಗಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹದಿನೆಂಟನೇ ಹೆಸರು ನಂದಾಗೋದು ಬೇಡ ಅಂತ ಸಾರ್."

ಏನೂ ಅನಾಹುತ ಆಗಲಿಲ್ಲ. ಅದು ಪುಣ್ಯ. ನೆಟ್‌ವರ್ಕ್ ಕೇಬಲ್ ಕಿತ್ತೆವು, ಪಾಸ್‌ವರ್ಡ್ ಎಲ್ಲ ಬದಲಾಯಿಸಿದೆವು, ಯಂತ್ರವನ್ನು ಫಾರ್ಮ್ಯಾಟ್ ಮಾಡಿದೆವು. ಫಾರ್ಮ್ಯಾಟ್ ಮಾಡಿದ್ದೂ ತಪ್ಪೇ. ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ ಎಂದು ಆಮೇಲೆ ತಿಳಿಯಿತು. ಅಣಕು ದಾಳಿಯಲ್ಲಿ ನಮಗೆ ಕಲಿಸಬೇಕಾಗಿದ್ದದ್ದು ಇಂಥದನ್ನೇ ಅಲ್ವಾ?

ಆ ನಾಲ್ಕು ದಿನ ಎಷ್ಟು ಉದ್ದ ಎಂದು ತಿಳಿಯಲು ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವಾ ಸಂಸ್ಥೆಯ ಕಥೆ ನೋಡಿ. 2021ರ ಮಾರ್ಚ್ 18ರಂದು ಅಲ್ಲಿ ಒಬ್ಬ ಸಿಬ್ಬಂದಿ ಮೇಲ್‌ನಲ್ಲಿ ಬಂದ ಎಕ್ಸೆಲ್ ಫೈಲ್ ತೆರೆದರು. ಮಾರ್ಚ್ 31ಕ್ಕೆ ಅದೇ ಕಂಪ್ಯೂಟರಿನಲ್ಲಿ ದಾಳಿಕೋರರ ಸಲಕರಣೆಗಳು ಓಡುತ್ತಿರುವುದನ್ನು ಆಂಟಿವೈರಸ್ ಕಂಡಿತು. ಆದರೆ ಅದನ್ನು ಕಂಡರೂ ತಡೆಯದಂತೆ ಸೆಟ್ ಮಾಡಿಟ್ಟಿದ್ದರು. ಮೇ 14ರ ಬೆಳಗಿನ ಜಾವ ಆ ಸಂಸ್ಥೆಯ ಬಹುಪಾಲು ಕಡತಗಳು ಬೀಗ ಬಿದ್ದು ಕೂತವು. ಎಂಟು ವಾರ ಕಳ್ಳ ಮನೆಯೊಳಗೇ ಓಡಾಡಿಕೊಂಡಿದ್ದ. ರಾನ್ಸಮ್‌ವೇರ್, ಅಂದರೆ ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ಪ್ರೋಗ್ರಾಂ, ಬಟನ್ ಒತ್ತಿದ ಕೂಡಲೇ ಬಾಂಬಿನಂತೆ ಸಿಡಿಯುತ್ತದೆ ಎಂದು ನಿಮ್ಮಲ್ಲಿ ಅನೇಕರು ತಿಳಿದಿದ್ದೀರಿ. ಸಾಮಾನ್ಯವಾಗಿ ಹಾಗಲ್ಲ. ಮೊದಲು ಒಂದು ಯಂತ್ರ, ಅಲ್ಲಿಂದ ಪಾಸ್‌ವರ್ಡು, ಅಲ್ಲಿಂದ ಸರ್ವರ್, ಆಮೇಲೆ ಬ್ಯಾಕಪ್ ಅಳಿಸುವುದು, ಬೀಗ ಹಾಕುವುದು ಕಟ್ಟಕಡೆಗೆ. ಈ ನಡುವಿನ ದಿನಗಳೇ ನಮಗಿರುವ ಅವಕಾಶ. ಆಗ "ಸಾರ್, ನಾನೊಂದು ಫೈಲ್ ಒತ್ತಿಬಿಟ್ಟೆ" ಎಂದು ಫೋನ್ ಮಾಡುವ ಕ್ಲರ್ಕಿಗಿಂತ ಒಳ್ಳೆಯ ಎಚ್ಚರಿಕೆ ಗಂಟೆ ಯಾವ ಕಂಪನಿಯೂ ಮಾರುವುದಿಲ್ಲ. ನಾವು ಆ ಗಂಟೆಯ ನಾಲಿಗೆಯನ್ನೇ ಕಿತ್ತೆವು.

ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಕೊಟ್ಟಿದೆ. ಗಮನಕ್ಕೆ ಬರಬೇಕಾದರೆ ಯಾರಾದರೂ ಬಾಯಿ ಬಿಡಬೇಕಲ್ಲ.

ಅರಿಯರ್ಸ್ ಆಸೆ ತೋರಿಸುವ ಈ ಐಡಿಯಾ ನಮಗೆ ಮೇಲ್ ಕಳಿಸಿದ ಕಂಪನಿ ಹೊಸದಾಗಿ ಹುಡುಕಿದ್ದೇನಲ್ಲ. ವೆಬ್‌ಸೈಟ್ ಹೆಸರುಗಳನ್ನು ಮಾರುವ ಅಮೆರಿಕದ ಗೋಡ್ಯಾಡಿ ಕಂಪನಿ 2020ರ ಡಿಸೆಂಬರಿನಲ್ಲಿ, ಕೊರೋನಾ ಕಷ್ಟದ ನಡುವೆ, 650 ಡಾಲರ್ ಹಬ್ಬದ ಬೋನಸ್ ಎಂದು ತನ್ನ ನೌಕರರಿಗೇ ಇಂಥ ಮೇಲ್ ಕಳಿಸಿತ್ತು. ಸುಮಾರು 500 ಜನ ಒತ್ತಿದರು. ಆಮೇಲೆ ಕಂಪನಿ ಕ್ಷಮೆ ಕೇಳಿತು. ಕಳ್ಳರು ಇದಕ್ಕಿಂತ ಕೆಟ್ಟ ಆಸೆ ತೋರಿಸುತ್ತಾರೆ, ಅದಕ್ಕೂ ತಯಾರಿ ಬೇಕು ಎನ್ನುವವರಿದ್ದಾರೆ. ಇರಬಹುದು. ಆದರೆ ಕಳ್ಳ ಯಾರ ಹೆಸರನ್ನೂ ಬೋರ್ಡಿಗೆ ಅಂಟಿಸುವುದಿಲ್ಲ.

ಇನ್ನು ಅದೇ ಕಂಪನಿ ಮಾಡಿದ ರಾನ್ಸಮ್‌ವೇರ್ ಪರೀಕ್ಷೆ. ಇಂಥ ಪರೀಕ್ಷೆ ಸರಿಯಾಗಿ ಮಾಡಿದರೆ ತುಂಬಾ ಉಪಯೋಗದ್ದು. ಒಂದು ಫೋಲ್ಡರಿನಲ್ಲಿ ಸುಳ್ಳು ಕಡತ ತುಂಬಿಸಿ, ನಿಜವಾದ ರಾನ್ಸಮ್‌ವೇರ್ ಮಾಡುವಂತೆಯೇ ಅವಕ್ಕೆ ಬೀಗ ಹಾಕುವುದು, ಹೆಸರು ಬದಲಿಸುವುದು, ವಿಂಡೋಸ್ ತಾನೇ ಇಟ್ಟುಕೊಂಡಿರುವ ಹಳೆಯ ನಕಲುಗಳನ್ನು ಅಳಿಸಲು ನೋಡುವುದು. ಯಾವ ಹಂತದಲ್ಲಿ ಎಚ್ಚರಿಕೆ ಬಂತು, ಯಾರ ಫೋನಿಗೆ ಬಂತು, ಅವರು ಎಷ್ಟು ಹೊತ್ತಿಗೆ ಎದ್ದರು ಎಂದು ಬರೆದುಕೊಳ್ಳುವುದು. ಇದಕ್ಕೆ ಪುಕ್ಕಟೆ ಸಲಕರಣೆಗಳೂ ಇವೆ. ಅಮೆರಿಕದ ಮೈಟರ್ ಸಂಸ್ಥೆಯ ಕಾಲ್ಡೆರಾ, ರೆಡ್ ಕ್ಯಾನರಿಯ ಅಟಾಮಿಕ್ ರೆಡ್ ಟೀಮ್ ಅಂಥವು. ಅಷ್ಟು ದೂರ ಹೋಗುವುದೂ ಬೇಡ. ಐಕಾರ್ ಎಂಬ 68 ಅಕ್ಷರದ ಒಂದು ಸಾಲು ಇದೆ. ಅದರಿಂದ ಯಾವ ಹಾನಿಯೂ ಇಲ್ಲ, ಆದರೆ ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ ಎಂದೇ ಹಿಡಿಯಬೇಕು ಎಂದು ಒಪ್ಪಂದ. ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡಿದರೆ ಸಾಕು, ಆ ಯಂತ್ರದಲ್ಲಿ ಕಾವಲುಗಾರ ಎದ್ದಿದ್ದಾನೋ ಮಲಗಿದ್ದಾನೋ ಗೊತ್ತಾಗುತ್ತದೆ. ಅದೊಂದರಿಂದಲೇ ನಾನು ಎರಡು ಮಲಗಿದ್ದ ಯಂತ್ರಗಳನ್ನು ಪತ್ತೆ ಮಾಡಿದ್ದೇನೆ.

ಕಂಪನಿಯವರು ಏನು ಮಾಡಿದರು? ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆಗೆ, ಕಾಫಿ ಆದ ಮೇಲೆ, ಪ್ರಧಾನ ಕಚೇರಿಯ ಹೊಚ್ಚ ಹೊಸ ಲ್ಯಾಪ್‌ಟಾಪಿನಲ್ಲಿ ಓಡಿಸಿದರು. ನಾನು, ಹುಡುಗ ಇಬ್ಬರೂ ಪಕ್ಕದಲ್ಲೇ ಕೂತು ನೋಡುತ್ತಿದ್ದೆವು. ಆಂಟಿವೈರಸ್ ಹಿಡಿಯಿತು. ವರದಿಯಲ್ಲಿ ಹಸಿರು ಬಣ್ಣ ಬಂತು. ಮಂಡಳಿ ಸಭೆಯಲ್ಲಿ ಚಪ್ಪಾಳೆಯೂ ಬಂತು. ಪಾಸ್‌ಬುಕ್ ಎಂಟ್ರಿಗೆ ಇಟ್ಟಿರುವ ವಿಂಡೋಸ್ 7 ಕಂಪ್ಯೂಟರುಗಳ ಹತ್ತಿರ ಯಾರೂ ಹೋಗಲಿಲ್ಲ. ಮೈಕ್ರೋಸಾಫ್ಟ್ ಅದನ್ನು 2020ರ ಜನವರಿಯಲ್ಲೇ ಕೈಬಿಟ್ಟಿದೆ.

ಮಂಗಳವಾರ ಹನ್ನೊಂದೂವರೆಗೆ ಯಾವ ಕಳ್ಳ ಬರುತ್ತಾನೆ? ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿಗೆ ಬಂದದ್ದು 2018ರ ಆಗಸ್ಟ್ 11ರಂದು. ಕ್ಯಾಲೆಂಡರ್ ತೆಗೆದು ನೋಡಿ, ಅದು ಎರಡನೇ ಶನಿವಾರ. ಎಟಿಎಂ ಕೋರಿಕೆಗಳಿಗೆ ಬ್ಯಾಂಕಿನ ವ್ಯವಸ್ಥೆಯ ಬದಲು ಕಳ್ಳರ ನಕಲಿ ವ್ಯವಸ್ಥೆಯೇ ಒಪ್ಪಿಗೆ ಕೊಡುತ್ತಾ ಹೋಯಿತು. ನಕಲಿ ಕಾರ್ಡ್ ಹಿಡಿದವರು 28 ದೇಶಗಳಲ್ಲಿ ಹಣ ತೆಗೆದರು. ಸೋಮವಾರ ಮತ್ತೆ ಬಂದು, ದೇಶದೇಶಗಳ ಬ್ಯಾಂಕುಗಳು ಹಣ ರವಾನೆಯ ಸಂದೇಶ ಕಳಿಸುವ ಸ್ವಿಫ್ಟ್ ಜಾಲದ ಮೂಲಕ ಹಾಂಗ್‌ಕಾಂಗಿಗೆ ಸುಮಾರು 14 ಕೋಟಿ ಕಳಿಸಿದರು. ಒಟ್ಟು ಹೋದದ್ದು 94 ಕೋಟಿ ರೂಪಾಯಿ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 2016ರಲ್ಲಿ 8.1 ಕೋಟಿ ಡಾಲರ್ ಹೊಡೆದದ್ದು ಗುರುವಾರ ರಾತ್ರಿ. ಅಲ್ಲಿ ಶುಕ್ರವಾರ ರಜೆ. ನಮ್ಮ ಬ್ಯಾಂಕಿನಲ್ಲಿ ಎರಡನೇ ಶನಿವಾರ ರಾತ್ರಿ ಎಚ್ಚರಿಕೆ ಗಂಟೆ ಬಾರಿಸಿದರೆ ಯಾರು ಕೇಳಿಸಿಕೊಳ್ಳುತ್ತಾರೆ? ಮೇಲ್ ಬರುವುದು ನನ್ನ ಆಫೀಸ್ ಐಡಿಗೆ. ಸೋಮವಾರ ಹತ್ತಕ್ಕೆ ಬಂದು ನೋಡುತ್ತೇನೆ.

ಈಗ ನನ್ನ ತಪ್ಪು ಹೇಳಿಕೊಳ್ಳಬೇಕು. ಬ್ಯಾಕಪ್ ರಿಜಿಸ್ಟರಿಗೆ ದಿನಾ ಸಹಿ ಹಾಕುವವನು ನಾನು. "ಯಶಸ್ವಿ" ಎಂದು ಬರುತ್ತದೆ, ಸಹಿ ಹಾಕುತ್ತೇನೆ. ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಆ ಬ್ಯಾಕಪ್‌ನಿಂದ ವಾಪಸ್ ತೆಗೆದು ನೋಡಿರಲಿಲ್ಲ. ಜನವರಿಯ ಘಟನೆ ಆದ ಮೇಲೆ ನಿದ್ದೆ ಬರಲಿಲ್ಲ. ಒಂದು ಭಾನುವಾರ ಹುಡುಗನನ್ನು ಕರೆದುಕೊಂಡು ಬಂದು, ಹಳೆಯ ಸರ್ವರ್ ಒಂದರಲ್ಲಿ ರೀಸ್ಟೋರ್ ಮಾಡಲು ಕೂತೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದದ್ದು ಮುಗಿದಿದ್ದು ಸೋಮವಾರ ಮಧ್ಯಾಹ್ನ. ಲೆಕ್ಕಪತ್ರ ಬಂತು. ಆದರೆ ಖಾತೆದಾರರ ಸಹಿಯ ಸ್ಕ್ಯಾನ್‌ಗಳು, ಒಡವೆ ಸಾಲದ ಫೋಟೊಗಳು ಇದ್ದ ಫೋಲ್ಡರ್ ಬರಲೇ ಇಲ್ಲ. ಎರಡು ವರ್ಷದ ಹಿಂದೆ ಅದನ್ನು ಬೇರೆ ಡ್ರೈವಿಗೆ ಸರಿಸಿದ್ದೆವು. ಬ್ಯಾಕಪ್ ಪಟ್ಟಿಗೆ ಸೇರಿಸುವುದು ಮರೆತಿದ್ದೆವು. ಇನ್ನೊಂದು ಸಂಗತಿ, ಬ್ಯಾಕಪ್ ಡಿಸ್ಕು ಇಪ್ಪತ್ತನಾಲ್ಕು ಗಂಟೆಯೂ ಅದೇ ಸರ್ವರಿಗೆ ಚುಚ್ಚಿಕೊಂಡೇ ಇರುತ್ತದೆ. ಸರ್ವರಿಗೆ ಬೀಗ ಹಾಕುವವನು ಅದಕ್ಕೂ ಹಾಕಿಯೇ ಹೋಗುತ್ತಾನೆ. ತಿಜೋರಿಯ ಎರಡನೇ ಕೀಲಿಕೈಯನ್ನು ಅದೇ ತಿಜೋರಿಯ ಬಾಗಿಲಿಗೆ ನೇತು ಹಾಕಿದಂತೆ.

ಹಸಿರು ಬಣ್ಣದ ವರದಿಯಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ. ಕೇಳಿದ್ದಕ್ಕೆ "ಅದು ನಮ್ಮ ಸ್ಕೋಪಿನಲ್ಲಿ ಇಲ್ಲ ಸಾರ್" ಎಂದರು.

ಬ್ಯಾಕಪ್ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ. ಹಡಗು ಕಂಪನಿ ಮೇರ್ಸ್ಕ್ ಗೊತ್ತಲ್ಲ, ಮಂಗಳೂರು ಬಂದರಿನ ಕಡೆ ಹೋದವರು ಅದರ ಹೆಸರಿನ ಕಂಟೇನರ್ ನೋಡಿರುತ್ತೀರಿ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ವಿನಾಶಕಾರಿ ಪ್ರೋಗ್ರಾಂ ಬಡಿದಾಗ, ಇಡೀ ಕಂಪನಿಯಲ್ಲಿ ಯಾರು ಯಾವ ಯಂತ್ರಕ್ಕೆ ಲಾಗಿನ್ ಆಗಬಹುದು ಎಂದು ಹೇಳುವ ಸರ್ವರುಗಳೆಲ್ಲ ಒಂದಕ್ಕೊಂದು ನಕಲಾಗಿದ್ದವು. ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಒಂದೇ, ಘಾನಾ ದೇಶದ್ದು. ಯಾಕೆ ಗೊತ್ತೇ? ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಇಂಟರ್‌ನೆಟ್ ನಿಧಾನವಿದ್ದದ್ದರಿಂದ ಆ ಡಿಸ್ಕನ್ನು ವಿಮಾನದಲ್ಲಿ, ಕೈಯಿಂದ ಕೈಗೆ ದಾಟಿಸಿ ಇಂಗ್ಲೆಂಡಿಗೆ ತಂದರು. ಆಮೇಲೆ ಹತ್ತು ದಿನದಲ್ಲಿ 4,000 ಸರ್ವರು, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಿದರು. ನಮ್ಮೂರಿನಲ್ಲಿ ಕರೆಂಟ್ ಹೋಗುವುದಕ್ಕೇನೂ ಬರವಿಲ್ಲ, ಆದರೆ ಅದನ್ನೇ ನಂಬಿಕೊಂಡು ಬ್ಯಾಂಕು ನಡೆಸಲಾದೀತೇ?

"ನಮ್ಮ ಡೇಟಾ ನಮ್ಮ ಹತ್ತಿರ ಇಲ್ಲವಲ್ಲ, ಸಿಬಿಎಸ್ ಎಲ್ಲ ವೆಂಡರ್ ನೋಡಿಕೊಳ್ಳುತ್ತಾನೆ" ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಸಿಬಿಎಸ್ ಅಂದರೆ ಎಲ್ಲ ಶಾಖೆಗಳ ಖಾತೆಗಳನ್ನು ಒಂದೇ ಕಡೆ ಇಡುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆ. 2024ರ ಜುಲೈ ಕೊನೆಯ ವಾರ ನೆನಪಿಸಿಕೊಳ್ಳಿ. ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕಿನ ಜಂಟಿ ಕಂಪನಿ ಸಿ-ಎಡ್ಜ್ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ಸೋಂಕು ಹರಡದಿರಲಿ ಎಂದು ಯುಪಿಐ ಜಾಲ ನಡೆಸುವ ಎನ್‌ಪಿಸಿಐ ಅದರ ಸಂಪರ್ಕವನ್ನೇ ಕಡಿಯಿತು. ಅದನ್ನು ನಂಬಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ, ಎಟಿಎಂ ನಿಂತುಹೋದವು. ಆಗಸ್ಟ್ 1ಕ್ಕೆ ಮತ್ತೆ ಸಂಪರ್ಕ ಕೊಟ್ಟರು. ಆ ಬ್ಯಾಂಕುಗಳ ಕ್ಲರ್ಕುಗಳು ಯಾವ ಲಿಂಕನ್ನೂ ಒತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪರೀಕ್ಷೆಯಿಂದ ಇದಕ್ಕೆ ತಯಾರಾಗಲು ಸಾಧ್ಯವಿಲ್ಲ.

ವೆಂಡರ್ ಬಿದ್ದ ದಿನ ನಮ್ಮ ಶಾಖೆ ಏನು ಮಾಡುತ್ತದೆ? ದೆಹಲಿಯ ಏಮ್ಸ್ ಆಸ್ಪತ್ರೆ 2022ರ ನವೆಂಬರ್ 23ರ ದಾಳಿಯ ನಂತರ ಸುಮಾರು ಎರಡು ವಾರ ಕೈಬರಹದಲ್ಲೇ ನಡೆಯಿತು. ನಮ್ಮ ಕೌಂಟರಿನ ಮುಂದೆ ಆಸ್ಪತ್ರೆ ಖರ್ಚಿಗೆ ಹಣ ಬೇಕು ಎಂದು ಒಬ್ಬ ರೈತ ನಿಂತರೆ, ಅವನ ಖಾತೆಯಲ್ಲಿ ಎಷ್ಟಿದೆ ಎಂದು ಹೇಳಲು ನಿನ್ನೆಯ ಬ್ಯಾಲೆನ್ಸ್ ಪಟ್ಟಿ ಕಾಗದದಲ್ಲಿ ಇದೆಯೇ? ಎಷ್ಟರವರೆಗೆ ಕೊಡಬಹುದು ಎಂದು ಮ್ಯಾನೇಜರಿಗೆ ಅಧಿಕಾರವಿದೆಯೇ? ಪಿಗ್ಮಿ ಏಜೆಂಟ್ ಸಂಜೆ ತಂದ ದುಡ್ಡನ್ನು ಎಲ್ಲಿ ಬರೆದುಕೊಳ್ಳುವುದು? ನಾನು ನಮ್ಮ ಎಲ್ಲ ಶಾಖೆಗಳಲ್ಲಿ ವಿಚಾರಿಸಿದೆ. ಕೈಯಲ್ಲಿ ಲೆಡ್ಜರ್ ಬರೆದು, ಡೇ ಬುಕ್ ತಾಳೆ ಮಾಡಿ ಗೊತ್ತಿರುವವರು ಇಡೀ ಬ್ಯಾಂಕಿನಲ್ಲಿ ಇಬ್ಬರೇ. ಅವರಲ್ಲಿ ಒಬ್ಬರು ಆ ಕ್ಯಾಷಿಯರ್ ಮೇಡಂ.

ಈಗ ಕೋರಿಕೆಗೆ ಬರುತ್ತೇನೆ. ಮೊದಲನೆಯದು ಬೋರ್ಡು. ಮೇಲ್ ಪರೀಕ್ಷೆಯಲ್ಲಿ ಒತ್ತಿದವರ ಹೆಸರನ್ನು ಎಲ್ಲಿಯೂ ಹಾಕಬೇಡಿ, ಮೆಮೊ ಕೊಡಬೇಡಿ. ಎಷ್ಟು ಜನ ಒತ್ತಿದರು ಎನ್ನುವುದಕ್ಕಿಂತ ಎಷ್ಟು ನಿಮಿಷದಲ್ಲಿ ಮೊದಲನೆಯವರು ಫೋನ್ ಮಾಡಿ ತಿಳಿಸಿದರು ಎಂದು ವರದಿ ಕೇಳಿ. ತಾನಾಗಿ ಹೇಳಿದವರಿಗೆ ಶಿಕ್ಷೆಯಿಲ್ಲ ಎಂದು ಒಂದು ಠರಾವು ಮಾಡಿ, ಸುತ್ತೋಲೆ ಕಳಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯದಾಗಿ, ಮುಂದಿನ ಅಣಕು ದಾಳಿಯಲ್ಲಿ ನೀವೂ ಕುಳಿತುಕೊಳ್ಳಿ. ಮೇಜಿನ ಸುತ್ತ ಕೂತು ಮಾಡುವ ಕಸರತ್ತಿಗೆ ಕಂಪ್ಯೂಟರೇ ಬೇಕಾಗಿಲ್ಲ. ಶನಿವಾರ ರಾತ್ರಿ ಹತ್ತಕ್ಕೆ ಅಧ್ಯಕ್ಷರ ಫೋನಿಗೆ ಕರೆ ಬರಲಿ: ಸರ್ವರ್ ಬೀಗ ಬಿದ್ದಿದೆ, ಇಷ್ಟು ಹಣ ಕೇಳುತ್ತಿದ್ದಾರೆ. ಸಂಪರ್ಕ ಕಡಿಯಲು ಹೇಳುವವರು ಯಾರು? ರಿಸರ್ವ್ ಬ್ಯಾಂಕಿಗೆ, ಸರ್ಟ್-ಇನ್‌ಗೆ, ಪೊಲೀಸರಿಗೆ ಯಾರು ತಿಳಿಸುತ್ತಾರೆ? ಹಣ ಕೊಡುವ ಮಾತು ಬಂದರೆ ಯಾರು ತೀರ್ಮಾನಿಸುತ್ತಾರೆ? ಸೋಮವಾರ ಬಾಗಿಲ ಮುಂದೆ ನಿಲ್ಲುವ ಷೇರುದಾರರಿಗೆ ಏನು ಹೇಳುತ್ತೀರಿ? ನಾನು ಈ ಪ್ರಶ್ನೆಗಳನ್ನು ಒಬ್ಬ ನಿರ್ದೇಶಕರಿಗೆ ಕೇಳಿದೆ. "ಅದಕ್ಕೇ ಅಲ್ಲವೇನಪ್ಪ ನೀನಿರೋದು" ಅಂದರು. ಸಂಪರ್ಕ ಕಡಿದರೆ ವ್ಯವಹಾರ ನಿಲ್ಲುತ್ತದೆ. ಅಷ್ಟು ದೊಡ್ಡ ತೀರ್ಮಾನ ಇಡಿಪಿ ಗುಮಾಸ್ತನದಲ್ಲ, ನಿಮ್ಮದು. ಇಂಥ ಕಸರತ್ತು ನಡೆಸುವ ಅನುಭವ ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿಗೆ ಇದೆ, ಸರ್ಟ್-ಇನ್‌ಗೂ ಇದೆ. ನಮ್ಮ ಬೆಂಗಳೂರಿನಲ್ಲೇ ಐಐಎಸ್‌ಸಿ ಆಸರೆಯಲ್ಲಿ ರಾಜ್ಯ ಸರ್ಕಾರದ ಸೈಬರ್ ಭದ್ರತಾ ಕೇಂದ್ರ ಸೈಸೆಕ್ ಇದೆ. ಕೇಳಿ ನೋಡಿ.

ಕಂಪನಿಯ ಜೊತೆ ಒಪ್ಪಂದ ಬರೆಯುವಾಗ ಬ್ಯಾಕಪ್ ರೀಸ್ಟೋರ್ ಮಾಡಿ ತೋರಿಸುವುದನ್ನು "ಸ್ಕೋಪಿಗೆ" ಸೇರಿಸಿ. ಹಳೆಯ ಯಂತ್ರಗಳಲ್ಲಿ, ರಜೆಯ ದಿನ, ನಮಗೆ ಹೇಳದೆ ಪರೀಕ್ಷಿಸಲಿ. ಆದರೆ ನಿಮ್ಮಲ್ಲಿ ಇಬ್ಬರಿಗಾದರೂ ಗೊತ್ತಿರಲಿ, ಬರಹದ ಅನುಮತಿ ಇರಲಿ. ವೆಂಡರಿನ ಸರ್ವರ್ ಮುಟ್ಟುವುದಿದ್ದರೆ ಅವರ ಒಪ್ಪಿಗೆಯೂ ಬೇಕು. ಇಲ್ಲದಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂ ಪ್ರಕಾರ ಪರಿಹಾರ ಕಟ್ಟಬೇಕಾದೀತು, ಅದು ಅಪರಾಧವೂ ಆಗಬಹುದು. ಅಮೆರಿಕದ ಅಯೋವಾದಲ್ಲಿ 2019ರಲ್ಲಿ ಹೀಗೇ ಆಯಿತು. ರಾಜ್ಯದ ನ್ಯಾಯಾಂಗ ಇಲಾಖೆ ಹೇಳಿದ್ದಕ್ಕೆ ಇಬ್ಬರು ಪರೀಕ್ಷಕರು ರಾತ್ರಿ ಕೋರ್ಟ್ ಕಟ್ಟಡಕ್ಕೆ ನುಗ್ಗಿದರು. ಕಟ್ಟಡ ಇದ್ದದ್ದು ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ ಸುಪರ್ದಿಯಲ್ಲಿ. ಅಲ್ಲಿನ ಶೆರಿಫ್ ಇಬ್ಬರನ್ನೂ ಜೈಲಿಗೆ ಹಾಕಿದರು. ಮೊಕದ್ದಮೆ ಕೈಬಿಡಲು ತಿಂಗಳುಗಳೇ ಬೇಕಾದವು.

ಬ್ಯಾಕಪ್ ಡಿಸ್ಕಿನ ವಿಷಯ ನಾನೇ ಸರಿ ಮಾಡಿದ್ದೇನೆ. ಈಗ ಎರಡು ಡಿಸ್ಕು, ಒಂದು ಸದಾ ಕಿತ್ತಿಟ್ಟಿರುತ್ತದೆ, ಸ್ಟ್ರಾಂಗ್ ರೂಮಿನಲ್ಲಿ. ಮೂರನೆಯದಕ್ಕೆ ಮತ್ತು ಹಳೆಯ ಕಂಪ್ಯೂಟರುಗಳ ಬದಲಾವಣೆಗೆ ಕಳಿಸಿದ ಕೋರಿಕೆ "ಮುಂದಿನ ಸಭೆಗೆ" ಹೋಗಿದೆ.

ಕೊನೆಯ ಕೋರಿಕೆಗೆ ಮಾತ್ರ ಗಡುವು ಇದೆ. ಒಂದು ದಿನ, ಒಂದೇ ಒಂದು ಶಾಖೆಯಲ್ಲಿ, ಕಂಪ್ಯೂಟರ್ ಎಲ್ಲ ಆರಿಸಿ ಕೈಯಲ್ಲಿ ಕೌಂಟರ್ ನಡೆಸುವ ಅಭ್ಯಾಸ ಮಾಡಲು ಅನುಮತಿ ಕೊಡಿ. ಕ್ಯಾಷಿಯರ್ ಮೇಡಂ ಕಲಿಸಿಕೊಡಲು ಒಪ್ಪಿದ್ದಾರೆ. ಹಳೆಯ ಲೆಡ್ಜರ್ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿಟ್ಟಿದ್ದಾರೆ. ಬರುವ ಮೇ 31ಕ್ಕೆ ಅವರು ನಿವೃತ್ತರಾಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಂದು ಪಟ್ಟಣ ಸಹಕಾರಿ ಬ್ಯಾಂಕಿನ ಇಡಿಪಿ ವಿಭಾಗದ ನೌಕರ